ಚೌಕದ ಹೊರಗೂ ಎರಡು

ಮಳವಳ್ಳಿಯ ಒಂದು ಮನೆಯ ತಾರಸಿಯಲ್ಲಿ, ಟವೆಲಿನ ಮೇಲೆ ಎರಡು ಫಿಲ್ಮ್ ಕ್ಯಾಮೆರಾಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಾನು ಹೂಡಿದ ವಾದ, ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಾಗಿದ್ದರೆ ಖಂಡಿತ ಬಹುಮಾನ ತರುತ್ತಿತ್ತು. ಅದರಲ್ಲಿದ್ದ ಕೊರತೆ ಒಂದೇ. ನಿಜವಾದ ಕಾರಣವನ್ನು ನಾನು ಹೇಳಿರಲಿಲ್ಲ. ನಿಜವಾದ ಕಾರಣ ಭಯ. ನನ್ನ ಬಲಗಣ್ಣು ಹೋಗುತ್ತಿದೆಯೇನೋ ಎಂಬ ಭಯ.

ಕ್ಯಾಮೆರಾಗಳು ನನ್ನ ಗೆಳತಿಯ ದೊಡ್ಡಪ್ಪನವು. ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಹೊಲಗಳ ಗಡಿ ಅಳೆಯುತ್ತ ಅಣ್ಣತಮ್ಮಂದಿರ ಜಗಳಗಳ ನಡುವೆ ನಿಂತು ನಿಂತು ರೂಢಿಯಾದವರು, ಹಾಗಾಗಿ ನನ್ನಂಥವರ ಬಾಯಿಗೆ ಹೆದರುವವರಲ್ಲ. ಎರಡೂ ರೇಂಜ್‌ಫೈಂಡರ್ ಕ್ಯಾಮೆರಾಗಳು. ಇವುಗಳಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಎಡಮೂಲೆಯಲ್ಲಿರುವ ಪುಟ್ಟ ಗಾಜಿನ ಕಿಟಕಿಯಲ್ಲಿ ಇಣುಕಬೇಕು. ಕಿಟಕಿಯ ನಡುವೆ ಬೆಳ್ಳನೆಯ ಒಂದು ಚೌಕ. ಆ ಚೌಕದೊಳಗೆ ಮಾತ್ರ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡೂ ಹತ್ತಿರ ಸರಿದು ಒಂದಾಗುತ್ತವೆ. ಒಂದಾದರೆ ಫೋಕಸ್ ಆಯಿತು, ಒತ್ತಬಹುದು. ಈ ಎರಡು ಕ್ಯಾಮೆರಾಗಳ ನಡುವೆ ಇದ್ದ ಮುಖ್ಯ ವ್ಯತ್ಯಾಸ ಕಿಟಕಿಯ ವರ್ಧನೆಯದು. ಒಂದರಲ್ಲಿ ಲೋಕ ತನ್ನ ಅರ್ಧದಷ್ಟಕ್ಕಿಂತ ತುಸು ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದರಲ್ಲಿ ಹೆಚ್ಚುಕಡಿಮೆ ಬರಿಗಣ್ಣಿಗೆ ಕಂಡ ಹಾಗೇ.

“ಒಂದು ನಂಗೆ, ಒಂದು ನಿಂಗೆ,” ಎಂದರು ದೊಡ್ಡಪ್ಪ. “ಆರಿಸ್ಕೊ ಕಣಮ್ಮಿ. ಆದ್ರೆ ನೀನು ಕನ್ನಡಕದೋಳು. ದೊಡ್ಡದಾಗಿ ತೋರ್ಸೋದ್ರಲ್ಲಿ ಕಣ್ಣ ಕಿಟಕಿಗೆ ಅಂಟಿಸ್ಬೇಕು, ಇಲ್ದಿದ್ರೆ ಚಿತ್ರದ ಅಂಚೇ ಕಾಣಕಿಲ್ಲ. ಚಿಕ್ಕದ್ನೇ ತಗೊ.”

ನಾನು ಶುರುಮಾಡಿದೆ. ಅಂಚನ್ನು ಊಹಿಸಬಹುದು, ಫೋಕಸ್ಸನ್ನು ಊಹಿಸಲು ಬರುವುದಿಲ್ಲ. ನಾನು ತೆಗೆಯುವುದು ಮುಖಗಳನ್ನು, ಅದೂ ಉದ್ದನೆಯ ಲೆನ್ಸಿನಲ್ಲಿ. ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ವಸ್ತು ದೊಡ್ಡದಾಗಿ ಕಂಡಷ್ಟೂ ತಪ್ಪು ಕಡಿಮೆ. ಸಾಲದ್ದಕ್ಕೆ, ಕಿಟಕಿಯೊಳಗಿನ ಲೋಕವೂ ಹೊರಗಿನ ಲೋಕವೂ ಒಂದೇ ಅಳತೆಯಾದರೆ ಎಡಗಣ್ಣನ್ನು ಮುಚ್ಚುವುದೇ ಬೇಡ, ಎರಡೂ ಕಣ್ಣು ತೆರೆದು ನೋಡಬಹುದು.

ಅವರು ಪೂರ್ತಿ ಕೇಳಿಸಿಕೊಂಡರು. “ನನ್ ಸರ್ವಿಸ್ನಾಗೆ ಗಡಿಕಲ್ಲು ಕಿತ್ತೋರೂ ಇಷ್ಟು ಮಾತಾಡ್ನಿಲ್ಲ ಬುಡು,” ಎಂದರು. “ಎರಡ್ನೂ ತಗೊಂಡೋಗು. ನೋಡು. ಬ್ಯಾಡಾದ್ದ ಮುಂದಿನ್ ವಾರ ತಂದ್ಕೊಡು.”

ಹೇಳದೆ ಉಳಿದದ್ದು ಇದು. ಕೆಲವು ತಿಂಗಳಿಂದ, ಇದೇ ಬಗೆಯ ನನ್ನ ಹಳೆಯ ಕ್ಯಾಮೆರಾದಲ್ಲಿ ತೆಗೆದ ಮುಖಗಳೆಲ್ಲ ಮಂಜಾಗುತ್ತಿದ್ದವು. ಚೌಕದೊಳಗೆ ಎರಡು ಮೂಗುಗಳು ಒಂದರ ಮೇಲೊಂದು ಕೂತವು ಎಂದು ಒತ್ತುತ್ತಿದ್ದೆ, ಕೂತಿರುತ್ತಿರಲಿಲ್ಲ. ಮಂಡ್ಯದಲ್ಲಿ ಕಚೇರಿ ಮುಗಿಸಿ ಸಂಜೆ ಬಸ್ ನಿಲ್ದಾಣಕ್ಕೆ ನಡೆಯುವಾಗ ಬೀದಿದೀಪಗಳಿಗೆ ಕೆಳಮುಖವಾಗಿ ಬಾಲ ಬಂದಂತಿರುತ್ತಿತ್ತು. ಕನ್ನಡಕ ಒರೆಸುತ್ತಿದ್ದೆ. ಕಣ್ಣು ಉಜ್ಜುತ್ತಿದ್ದೆ. ಬಾಲ ಹೋಗುತ್ತಿರಲಿಲ್ಲ. ತಾರಸಿಯಲ್ಲಿ ಹೆಚ್ಚು ವರ್ಧನೆಯ ಕ್ಯಾಮೆರಾ ಎತ್ತಿ ನೋಡಿದಾಗ ಮಾತ್ರ ಎದುರುಮನೆಯ ನೀರಿನ ಟ್ಯಾಂಕು ಎಷ್ಟೋ ದಿನಗಳ ನಂತರ ಸಲೀಸಾಗಿ ಒಂದಾದಂತೆ ಅನ್ನಿಸಿತು. ಎದೆ ಹಗುರಾಯಿತು. ಅಷ್ಟು ಹಗುರಾದದ್ದೇ ಹೆದರಿಕೆ ಹುಟ್ಟಿಸಿತು. ಒಂದು ಕ್ಯಾಮೆರಾ ಇಷ್ಟವಾದರೆ ಖುಷಿಯಾಗಬೇಕು, ಬದುಕಿಕೊಂಡೆ ಅನ್ನಿಸಬಾರದು.

ಪೂರಿಗಾಲಿಯಲ್ಲಿರುವ ನನ್ನ ಸೋದರತ್ತೆಗೆ ಈಗ ಮುಖಗಳು ಕಾಣುವುದಿಲ್ಲ. ದನಿ ಕೇಳಿ ಗುರುತು ಹಿಡಿಯುತ್ತಾರೆ. ನಾನು ಚಿಕ್ಕವಳಿದ್ದಾಗ ಅವರು ಹಾಲು ಬಗ್ಗಿಸಿದರೆ ಒಂದಿಷ್ಟು ಲೋಟದ ಪಕ್ಕಕ್ಕೆ ಬೀಳುತ್ತಿತ್ತು. “ಈ ಕರೆಂಟೇ ಮಂಕು ಕಣ್ರವ್ವ, ಒಂದು ಲೋಟ ಎರಡಾಗಿ ಕಾಣ್ತದೆ,” ಎನ್ನುತ್ತಿದ್ದರು. ಮನೆಯವರು ಬಲ್ಬು ಬದಲಾಯಿಸಿದರು. ಆಮೇಲೆ ಇನ್ನೂ ದೊಡ್ಡ ಬಲ್ಬು ಹಾಕಿದರು. ಅಡುಗೆಮನೆ ಮದುವೆಮನೆಯ ಹಾಗೆ ಬೆಳಗುತ್ತಿತ್ತು. ಅತ್ತೆ ಕಣ್ಣಾಸ್ಪತ್ರೆಗೆ ಹೋದದ್ದು ಬಾಗಿಲು ಯಾವುದು, ಗೋಡೆ ಯಾವುದು ಎಂದು ತಡಕಾಡುವ ಹೊತ್ತಿಗೆ.

ಮಾರನೆಯ ದಿನ ಭಾನುವಾರ. ಭಾರತೀನಗರಕ್ಕೆ ಹೋದೆ. ನನ್ನ ಗೆಳತಿ ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಓದುವ ದಿನಗಳ ಚರ್ಚಾ ಸ್ಪರ್ಧೆಗಳಲ್ಲಿ ನಾವಿಬ್ಬರೂ ಜೋಡಿ: ಅವಳು ಪರ, ನಾನು ವಿರೋಧ, ವಿಷಯ ಯಾವುದಾದರೂ ಸರಿ. ಕಬ್ಬು ಅರೆಯುವ ಕಾಲ. ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಕಬ್ಬು ಹೇರಿಕೊಂಡು ನಿಂತಿದ್ದವು. ಗಾಳಿಯಲ್ಲಿ ಕಪ್ಪು ಬೂದಿ ತೇಲಿ ಬಂದು ತೋಳಿನ ಮೇಲೆ ಕೂರುತ್ತಿತ್ತು. ರೇಂಜ್‌ಫೈಂಡರ್ ಸರಿಯಿದೆಯೇ ಎಂದು ನೋಡಲು ದೂರದ, ನೆಟ್ಟಗೆ ನಿಂತ ವಸ್ತು ಬೇಕು. ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೆ ಅದು ಚೌಕದಲ್ಲಿ ಒಂದೇ ಆಗಿ ಕಾಣಬೇಕು. ಸಕ್ಕರೆ ಕಾರ್ಖಾನೆಯ ಚಿಮಣಿಗಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ?

ಅವಳ ಮನೆಯ ಮುಂದೆ ನಿಂತು ಮೊದಲು ಕಡಿಮೆ ವರ್ಧನೆಯದನ್ನು ಎತ್ತಿದೆ. ಚಿಮಣಿ ಒಂದಾಗಲಿಲ್ಲ. ಅಂಚಿಗೆ ಮಸುಕಾದ ಇನ್ನೊಂದು ಅಂಚು. ಹೆಚ್ಚು ವರ್ಧನೆಯದನ್ನು ಎತ್ತಿದೆ. ವಾಸಿ ಅನ್ನಿಸಿತು, ಆದರೆ ಆ ಮಸುಕು ಇತ್ತು.

“ನಿಮ್ಮ ದೊಡ್ಡಪ್ಪ ಕ್ಯಾಮೆರಾಗಳನ್ನ ಎಲ್ಲೋ ಬೀಳಿಸಿದಾರೆ,” ಎಂದೆ. “ಎರಡರಲ್ಲೂ ಅಲೈನ್‌ಮೆಂಟ್ ಹೋಗಿದೆ.”

ಅವಳು ಬಂದು ಎರಡನ್ನೂ ಒಂದೊಂದಾಗಿ ಕಣ್ಣಿಗಿಟ್ಟುಕೊಂಡು ನೋಡಿದಳು. “ನಂಗೆ ಒಂದೇ ಕಾಣ್ತದಲ್ಲೇ.”

“ನಿಂಗೆ ನೋಡೋಕೆ ಬರಲ್ಲ.”

“ಚಿಮಣಿ ನೋಡಕ್ಕೆ ಟ್ರೈನಿಂಗ್ ಬೇಕಾ? ಹುಟ್ಟಿದಾಗ್ಲಿಂದ ಅದ್ನೇ ನೋಡ್ತಿದ್ದೀನಿ ಕಣೇ, ಅದ್ರ ಬೂದಿನೇ ತಿಂದು ಬೆಳ್ದಿದ್ದೀನಿ.”

“ಒಬ್ಬಳ ಸಾಕ್ಷಿ ಸಾಕಾಗಲ್ಲ.”

“ಸರಿ, ಸಾಕ್ಷಿ ಬುಡು, ತರ್ಕಕ್ಕೆ ಬಾ. ಎರಡು ಬೇರೆ ಬೇರೆ ಕ್ಯಾಮೆರಾ. ಎರಡ್ರಲ್ಲೂ ಒಂದೇ ತಪ್ಪು. ಎರಡಕ್ಕೂ ಸೇರಿದ್ದು ಯಾವ್ದಮ್ಮ ಇಲ್ಲಿ?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಚರ್ಚೆಯಲ್ಲಿ ಎದುರಾಳಿ ಹೀಗೆ ನುಣುಚಿಕೊಂಡರೆ ಬಿಡಬಾರದು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಅವಳು ಬಿಡಲಿಲ್ಲ.

“ಚೌಕದೊಳಗೆ ಮಾತ್ರ ಎರಡಾಗ್ಬೇಕು ಅಂತ ನೀನೇ ತಾನೇ ಹೇಳಿದ್ದು? ಹೊರಗೆ ನೋಡು. ಚಿಮಣೀನ ಚೌಕದಿಂದ ಆಚೆಗೆ ತಗೊಂಡೋಗು. ಈಗ ಎಷ್ಟದೆ?”

ಕ್ಯಾಮೆರಾವನ್ನು ತುಸು ಎಡಕ್ಕೆ ತಿರುಗಿಸಿದೆ. ಚಿಮಣಿ ಚೌಕವನ್ನು ಬಿಟ್ಟು ಬರಿಯ ಗಾಜಿನ ಕಡೆಗೆ ಸರಿಯಿತು. ಅಲ್ಲಿ ಎರಡಾಗಿ ತೋರಿಸುವ ಯಾವ ಯಂತ್ರವೂ ಇಲ್ಲ, ಬರೀ ಕಿಟಕಿ. ಅಲ್ಲೂ ಚಿಮಣಿಗೆ ತೆಳ್ಳನೆಯ ಜೊತೆಗಾರನಿದ್ದ. ಕ್ಯಾಮೆರಾ ಇಳಿಸಿದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಿಂದಷ್ಟೇ ನೋಡಿದೆ. ಇದ್ದ. ಕೈ ಬದಲಿಸಿ ಎಡಗಣ್ಣಿನಿಂದ ನೋಡಿದೆ. ಆಕಾಶಕ್ಕೆ ಗೀಟು ಎಳೆದಂತೆ ಒಂದೇ ಚಿಮಣಿ.

ಅಲ್ಲಿಯವರೆಗೆ ನನ್ನ ಹೆದರಿಕೆಗೆ ಒಂದು ಮರ್ಯಾದೆಯ ಪ್ರತಿವಾದವಿತ್ತು: ಆಧಾರವಿಲ್ಲ. ಈಗ ಆಧಾರವನ್ನು ನಾನೇ ಹುಡುಕಿ ಮುಂದಿಟ್ಟುಕೊಂಡಿದ್ದೆ. ಎಡಗಣ್ಣು ಇಷ್ಟು ದಿನ ಬಲಗಣ್ಣಿನ ತಪ್ಪನ್ನು ಮುಚ್ಚಿ ಕಾಪಾಡಿಕೊಂಡು ಬಂದಿತ್ತು. ಎರಡೂ ಕಣ್ಣು ತೆರೆದು ನೋಡಬಹುದು ಎನ್ನುತ್ತ ನಾನು ಆ ಮುಚ್ಚಾಟಕ್ಕೇ ಅನುಕೂಲವಾಗುವಂಥ ಕ್ಯಾಮೆರಾ ಹುಡುಕುತ್ತಿದ್ದೆ.

“ಬೂದಿ ಬಿದ್ದಿರಬೇಕು,” ಎಂದೆ.

“ಹೂಂ, ಬೂದಿ. ತಿಂಗಳಾನುಗಟ್ಲೆ ಬಿದ್ದಿದೆ. ಲೇ, ನಿಮ್ಮತ್ತೆ ಮನೇಲಿ ಬಲ್ಬು ಬದ್ಲಾಯಿಸಿದ ಕತೆ ನೀನೇ ಹೇಳಿ ನಗ್ಸಿದ್ದೆ. ನಾಳೆ ಕಣ್ಣು ತೋರಿಸ್ಕೊ. ನಾನೂ ಬತ್ತೀನಿ.”

“ಬೇಡ.”

“ನೀನು ಬ್ಯಾಡ ಅಂದ್ರೂ ಬತ್ತೀನಿ. ನೀನು ಡಾಕ್ಟರ ಹತ್ರನೂ ಗೆದ್ದುಬಿಟ್ಟು ಬಂದ್ಬಿಡ್ತೀಯ, ಅದ್ಕೇ ಭಯ ನಂಗೆ.”

ಮಂಡ್ಯದ ಕಣ್ಣಿನ ವೈದ್ಯೆ ಗಲ್ಲವನ್ನು ಒಂದು ಪಟ್ಟಿಯ ಮೇಲಿಡಿಸಿ, ಒಂದರೊಳಗೊಂದು ಬೆಳಕಿನ ಬಳೆಗಳಿದ್ದ ಯಂತ್ರದೊಳಗೆ ನೋಡಿಸಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ಅಂದರೆ ಕಾರ್ನಿಯಾದ, ನಕ್ಷೆ ಪರದೆಯ ಮೇಲೆ ಬಂತು. ಎಡಗಣ್ಣಿನದು ಹೆಚ್ಚು ಕಡಿಮೆ ಹಸಿರು. ಬಲಗಣ್ಣಿನದರಲ್ಲಿ ಕೆಳಗಡೆ ಕೆಂಪಗೆ ಒಂದು ಗುಡ್ಡ. ಪೊರೆ ಅಲ್ಲಿ ತೆಳುವಾಗಿ ಮುಂದಕ್ಕೆ ಉಬ್ಬಿದೆ, ಅದಕ್ಕೇ ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದರು.

“ಹೆಚ್ಚುತ್ತಿದೆಯಾ?” ಎಂದು ಕೇಳಿದೆ.

“ಒಂದು ನಕ್ಷೆ ನೋಡಿ ಅದನ್ನ ಹೇಳೋಕಾಗಲ್ಲ. ಕೆಲವು ತಿಂಗಳು ಬಿಟ್ಟು ಇನ್ನೊಂದು ತೆಗೀತೀನಿ, ಎರಡನ್ನೂ ಹೋಲಿಸೋಣ. ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸೋ ಚಿಕಿತ್ಸೆ ಇದೆ. ಕೆಟ್ಟಿರೋದನ್ನ ಪೂರ್ತಿ ವಾಪಸ್ ತರ್ತೀನಿ ಅಂತ ಹೇಳಲ್ಲ. ಕಣ್ಣು ಮಾತ್ರ ಉಜ್ಜಬೇಡಿ.”

“ನಮ್ಮ ಅತ್ತೆಗೂ ಇದೇ ಆಗಿದ್ದಾ?”

“ಅವರನ್ನ ನೋಡದೆ ಹೇಗೆ ಹೇಳಲಿ?”

ಬೇರೆ ಯಾವ ದಿನವಾದರೂ ಈ ಉತ್ತರವನ್ನು ನಾನು ಮೆಚ್ಚಿಕೊಳ್ಳುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಬೇಕು ಎಂದು ವೇದಿಕೆ ಮೇಲೆ ಎಷ್ಟು ಸಲ ಕೂಗಿಲ್ಲ ನಾನು. ಆ ದಿನ ಮಾತ್ರ ಯಾರಾದರೂ ಆಧಾರವಿಲ್ಲದೆ, ತರ್ಕವಿಲ್ಲದೆ, ಏನೂ ಆಗಲ್ಲ ಎಂದು ತಲೆ ಸವರಿದ್ದರೆ ಸಾಕಿತ್ತು. ಹೊರಗೆ ಬಂದಾಗ ಕೈ ತಾನಾಗಿ ಕಣ್ಣಿನ ಕಡೆ ಹೋಯಿತು. ಗೆಳತಿ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದಳು.

ವಾರದ ಕೊನೆಗೆ ಮಳವಳ್ಳಿಗೆ ಹೋದೆ. ಈ ನಡುವೆ ದಿನವೂ ಬೆಳಿಗ್ಗೆ ಎದ್ದ ಕೂಡಲೇ ಎಡಗಣ್ಣು ಮುಚ್ಚಿ ಎದುರಿನ ಕರೆಂಟು ಕಂಬ ನೋಡುತ್ತಿದ್ದೆ. ನೆರಳು ನಿನ್ನೆಗಿಂತ ದೂರ ಸರಿದಿದೆಯೇ? ಸರಿದಿದೆ ಅನ್ನಿಸುತ್ತಿತ್ತು. ಇಲ್ಲ ಅನ್ನಿಸುತ್ತಿತ್ತು. ಎರಡಕ್ಕೂ ನನ್ನ ಹತ್ತಿರ ವಾದಗಳಿದ್ದವು.

ದೊಡ್ಡಪ್ಪ ತಾರಸಿಯಲ್ಲಿ ಹುಣಸೆಹಣ್ಣು ಒಣಹಾಕುತ್ತಿದ್ದರು. ನನ್ನ ಗೆಳತಿಯಿಂದ ಅವರಿಗೆ ವಿಷಯ ತಿಳಿದಿತ್ತು. ನಾನು ಇನ್ನು ಎಡಗಣ್ಣಿನಿಂದ ನೋಡಬೇಕು ಎಂದೆ. ಎಡಗಣ್ಣಿಟ್ಟರೆ ಮೂಗು ಕ್ಯಾಮೆರಾಕ್ಕೆ ಒತ್ತುತ್ತದೆ, ಬಲಗಣ್ಣು ಅದರ ಹಿಂದೆ ಮರೆಯಾಗುತ್ತದೆ. ಎರಡೂ ಕಣ್ಣು ತೆರೆದು ನೋಡುವ ನನ್ನ ದೊಡ್ಡ ವಾದ ಅಲ್ಲಿಗೆ ಬಿದ್ದುಹೋಯಿತು. ಒಳ್ಳೆಯ ಕಣ್ಣಿಗೆ ಕಡಿಮೆ ವರ್ಧನೆಯೇ ಸಾಕಾಗಿತ್ತು. ಕನ್ನಡಕಕ್ಕೂ ಅದೇ ಅನುಕೂಲ. ಎಲ್ಲ ಅಂಶಗಳೂ ಅದರ ಪರ.

ಹೆಚ್ಚು ವರ್ಧನೆಯದನ್ನು ಎತ್ತಿಕೊಂಡೆ.

“ಅದ್ಯಾಕಮ್ಮಿ?” ಎಂದರು. “ಅವತ್ತು ಹೇಳಿದ್ದೆಲ್ಲ ಈಗ ನಡೆಯಕಿಲ್ವಲ್ಲ.”

“ಈ ಕಣ್ಣಿಗೂ ಬಂದರೆ ಅಂತ ಭಯ ಆಗುತ್ತೆ. ಆಗ ಇದು ಒಂದಷ್ಟು ದಿನ ಜಾಸ್ತಿ ನಡೆಯುತ್ತೆ. ಅಷ್ಟೇ.”

ಅವರು ಹುಣಸೆಹಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡರು. ಸಮಾಧಾನದ ಮಾತು ಬರಬಹುದು ಎಂದು ಕಾದೆ. ಬರಲಿಲ್ಲ.

“ಸರಿ. ಅದು ಕಾರಣ,” ಎಂದರು. “ಈಚೀಚೆಗೆ ಸಂಜೆ ಹೊತ್ತು ನಂಗೂ ಚೌಕ ಸರಿಯಾಗಿ ಕಾಣ್ತಿಲ್ಲ. ನಾನು ಯಾರ್ಗೂ ಹೇಳಿಲ್ಲ. ನೀನೂ ಹೇಳ್ಬ್ಯಾಡ.”

“ನೀವೂ ತೋರಿಸ್ಕೋಬೇಕು.”

“ಶುರು ಮಾಡ್ಬ್ಯಾಡ ಮತ್ತೆ.”

“ಮಾಡ್ತೀನಿ. ಮಂಡ್ಯಕ್ಕೆ ನನ್ನ ಜೊತೆ ಬರ್ತೀರಾ, ಇಲ್ಲ ನಾನು ಇಲ್ಲೇ ಕೂತು ವಾದ ಮಾಡಲಾ?”

ಅವರು ನನ್ನನ್ನು ನೋಡಿದರು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಆಮೇಲೆ ಇನ್ನೊಂದನ್ನು ಮುಚ್ಚಿಕೊಂಡು. ಅಂಗಿ ಹಾಕಿಕೊಳ್ಳಲು ಕೆಳಗೆ ಇಳಿದರು.