ಗಾರ್ಡು ಬಿಚ್ಚದ ಗರಗಸ

ಬೆಳಗಿನ ಐದೂವರೆ. ಮಾರೇನಹಳ್ಳಿಯ ಈ ಗಲ್ಲಿಯಲ್ಲಿ ಹಾಲಿನವನಿಗಿಂತ ಮೊದಲು ಎದ್ದಿರುವುದು ರಂಜಿನಿಯ ಕೈಗರಗಸ. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಾಗುವಾನಿ ಹಲಗೆಯ ಮೇಲೆ ಕಾಲೂರಿ ಕೊಯ್ಯುತ್ತಿದ್ದಾರೆ. ನಾಲ್ಕು ಎಳೆದು ನಿಲ್ಲುತ್ತಾರೆ, ಭುಜ ನೀವಿಕೊಳ್ಳುತ್ತಾರೆ, ಒಂದಿಷ್ಟು ಬಯ್ಯುತ್ತಾರೆ. ಬಯ್ಯುವುದು ಭುಜವನ್ನಲ್ಲ, ಈ ಊರಿನ ಮಷೀನ್ ಅಂಗಡಿಗಳನ್ನು.

ರಂಜಿನಿ ದೇವರ ಮಂಟಪ ಮಾಡುತ್ತಾರೆ. ವಿಜಯನಗರ, ಅತ್ತಿಗುಪ್ಪೆಯ ಎಷ್ಟೋ ಮನೆಗಳ ದೇವರು ಕೂತಿರುವುದು ಇವರ ಕೈಕೆಲಸದಲ್ಲಿ. ಆ ಮನೆಯವರಿಗೆ ಕೊಂಡ ಅಂಗಡಿಯ ಹೆಸರು ಗೊತ್ತು, ಇವರ ಹೆಸರು ಗೊತ್ತಿಲ್ಲ. ಕೆಲಸ ಕಲಿಸಿದ್ದು ಗಂಡ ಮುರುಗೇಶ್. ಅವರೀಗ ಬಡಗಿಯಲ್ಲ, ಅಪಾರ್ಟ್‌ಮೆಂಟೊಂದರ ವಾಚ್‌ಮನ್. ಹಿಂದೆ ದುಡಿಯುತ್ತಿದ್ದ ಕಡೆ ಟೇಬಲ್ ಸಾ ಎಂಬ ಕೊಯ್ಯುವ ಯಂತ್ರ ಅವರ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಅಂದಿನಿಂದ ಆ ಕೈ ಪ್ಯಾಂಟಿನ ಜೇಬಿನಲ್ಲೇ ಇರುತ್ತದೆ.

ಹೀಗೇ ಕೊಯ್ಯುತ್ತಿದ್ದರೆ ಭುಜ ಕೆಲಸಕ್ಕೆ ಬಾರದಂತಾಗುತ್ತದೆ ಎಂದು ಡಾಕ್ಟರು ಹೇಳಿದಾಗ, ಮೇಜಿನ ಸೀಳಿನಿಂದ ಗರಗಸದ ಚಕ್ರ ತಲೆಯೆತ್ತಿ ತಿರುಗುವ ಆ ಯಂತ್ರದ ಮಾತೇ ಮನೆಯಲ್ಲಿ ಮತ್ತೆ ಬಂತು. ಮುರುಗೇಶ್ ಊಟ ಬಿಟ್ಟು ಎದ್ದು ಹೋದರು. ಆಮೇಲೆ ಒಂದೇ ಷರತ್ತಿಗೆ ಒಪ್ಪಿದರು. ಚಕ್ರದ ಮೇಲೆ ಕೂರುವ ಗಾರ್ಡು ಗಟ್ಟಿಯಾಗಿರಬೇಕು, ಅದು ಇದ್ದ ಹಾಗೆಯೇ ಕೆಲಸ ನಡೆಯಬೇಕು. ಅಂಥದ್ದು ಸಿಗದಿದ್ದರೆ ಮಂಟಪದ ಕೆಲಸವೇ ಬೇಡ.

ಇಷ್ಟು ಸಣ್ಣ ಬೇಡಿಕೆಗೆ ಸಾಕುಬೇಕಾಯಿತು. ಮೊದಲ ಅಂಗಡಿಯವನು ರಂಜಿನಿ ಕೇಳಿದ್ದಕ್ಕೆಲ್ಲ ಮುರುಗೇಶ್ ಮುಖ ನೋಡಿ ಉತ್ತರ ಕೊಟ್ಟ. ಇನ್ನೊಬ್ಬ ಮೋಟಾರಿನ ತಾಕತ್ತನ್ನು ಹೊಗಳಿದ್ದೇ ಹೊಗಳಿದ್ದು. ಉದ್ದದ ಹಲಗೆ ಕೊಯ್ಯಲು ಯಂತ್ರದ ಮುಂದೆ ಇರುವಷ್ಟೇ ಜಾಗ ಹಿಂದೆಯೂ ಬೇಕು, ಆದರೆ ಶೆಡ್ಡು ಎಷ್ಟಿದೆ ಎಂದು ಮಹಾರಾಯ ಕೇಳಲೇ ಇಲ್ಲ. ಮತ್ತೊಂದು ಕಡೆ ಡಬ್ಬದಲ್ಲಿ ಗಾರ್ಡೇ ಇರಲಿಲ್ಲ. ಹೇಗೂ ಯಾರೂ ಹಾಕುವುದಿಲ್ಲವೆಂದು ಎತ್ತಿಟ್ಟಿದ್ದರಂತೆ.

“ಚಿನ್ನ ತಗೊಳ್ಳೋಕೆ ಹೋಗಿದ್ರೂ ಇಷ್ಟು ತಲೆ ಕೆಡ್ತಿರ್ಲಿಲ್ಲ. ನಾನು ಕೇಳಿದ್ದು ಒಂದು ಮುಚ್ಚಳ, ಸಾರ್” ಎನ್ನುತ್ತಾರೆ ರಂಜಿನಿ.

ಕೊನೆಗೆ ರಾಜಾಜಿನಗರದ ಅಂಗಡಿಯೊಂದರಲ್ಲಿ ಬೇಕಾದ್ದು ಕಂಡಿತು. ಶೆಡ್ಡಿಗೆ ಹಿಡಿಸುವ ಯಂತ್ರ, ಒಳಗಿನ ಚಕ್ರ ಕಾಣಿಸುವಂಥ ಗಾರ್ಡು. ಮನೆಯಿಂದ ಒಯ್ದಿದ್ದ ಹಲಗೆಚೂರು ತಳ್ಳಿ ನೋಡಿದರು, ನೇರವಾಗಿ ಕೊಯ್ದುಕೊಟ್ಟಿತು. ಅಷ್ಟರಲ್ಲಿ ಮಾರುವವನು ಸ್ಪ್ಯಾನರ್ ಹಿಡಿದು ಬಂದ. ಇದು ಸುಮ್ಮನೆ ಅಡ್ಡ, ಬಿಚ್ಚಿಕೊಡುತ್ತೇನೆ ಎನ್ನುತ್ತ ಗಾರ್ಡಿನ ಬೋಲ್ಟಿಗೇ ಕೈ ಹಾಕಿದ.

ರಂಜಿನಿ ರೇಗುವ ಮೊದಲೇ ಮುರುಗೇಶ್ ಜೇಬಿನಿಂದ ಕೈ ತೆಗೆದು ಯಂತ್ರದ ಮೇಲಿಟ್ಟರು. ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿರುವ ಕೈ.

“ನಮ್ ಓನರ್ರೂ ಅಡ್ಡ ಅಂತಾನೇ ಬಿಚ್ಸಿದ್ರು, ಅಣ್ಣ.”

ಅವನು ಸ್ಪ್ಯಾನರ್ ಕೆಳಗಿಟ್ಟ. ಹೊರಗಿನವರ ಎದುರು ಗಂಡ ಆ ಕೈ ಹೊರಗೆ ತೆಗೆದದ್ದು ಅದೇ ಮೊದಲು. ಅಂಗಡಿಯೆಂದೂ ನೋಡದೆ ರಂಜಿನಿ ಅತ್ತುಬಿಟ್ಟರು.

ಈಗ, ಬಿಸಿಲೇರುವ ಹೊತ್ತಿಗೆ, ಯಂತ್ರ ಟೆಂಪೋದಲ್ಲಿ ಗಲ್ಲಿಗೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಮುರುಗೇಶ್ ಯೂನಿಫಾರ್ಮಿನಲ್ಲೇ ಇದ್ದಾರೆ. ಹಲಗೆಯ ಆಚೆ ತುದಿ ಹಿಡಿಯಲು ಒಬ್ಬರು ಬೇಕಲ್ಲ, ಅಲ್ಲಿ ಹೋಗಿ ಅವರೇ ನಿಲ್ಲುತ್ತಾರೆ, ಎರಡೂ ಕೈ ಚಾಚಿ. ವೈರು ಎಳೆಯಲು ಬಂದ ಎಲೆಕ್ಟ್ರಿಷಿಯನ್ ಗಾರ್ಡಿನ ಮೇಲೆ ಬೆರಳಿಂದ ತಟ್ಟಿ, ಇದನ್ನು ಬಿಚ್ಚಿಡಲಾ ಅಕ್ಕ ಎಂದು ಕೇಳುತ್ತಾನೆ.

ರಂಜಿನಿ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ಸ್ವಿಚ್ಚಿನ ಮೇಲೆ ಕೈಯಿಟ್ಟು, ಗಂಡನ ಕೈ ನೋಡುತ್ತ ಹೇಳುತ್ತಾರೆ:

“ನಮ್ಮಿಬ್ರಿಗೂ ಸೇರಿ ಹದಿನೇಳು ಬೆರಳಿದೆ ಕಣಪ್ಪ. ನಾವಿರೋವರ್ಗೂ ಹದಿನೇಳೇ ಇರ್ಬೇಕು.”