ರದ್ದಾದ ಕ್ಷೇತ್ರ ಮತ್ತು ಅಪ್ಪನ ಸಾಹೇಬರು

ಜೋಗೇಶ್ವರಿಯ ನಮ್ಮ ಗಲ್ಲಿ ಸೇರಿದ್ದ ವಿಧಾನಸಭಾ ಕ್ಷೇತ್ರ ಈಗ ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿಂದ ಗೆದ್ದವರಲ್ಲಿ ನಮ್ಮ ಮನೆಯ ಮಾತಿನಲ್ಲಿ ಉಳಿದವರು ಮೂವರು. ಮೊದಲನೆಯವರು ಕಾರ್ಮಿಕ ಮುಖಂಡರು. ಗಲ್ಲಿಗೊಂದು ನಲ್ಲಿ ಹಾಕಿಸಿಕೊಟ್ಟು ಮುಂದಿನ ಸಲ ಸೋತರು. ಎರಡನೆಯವರು ವಕೀಲರು, ಅವರನ್ನು ನಾವು ಕಂಡದ್ದು ಪೋಸ್ಟರಿನಲ್ಲಿ ಮಾತ್ರ. ಮೂರನೆಯವರು ಅಪ್ಪನ ಸಾಹೇಬರು.

ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ, ಗೋಡೆ ಕಟ್ಟುವವನು. ಗಲ್ಲಿಯ ಕನ್ನಡದವರೆಲ್ಲ ಅವನ ಮಾತು ಕೇಳುತ್ತಿದ್ದರು. ಸಾಹೇಬರಿಗೆ ಅದು ಬೇಗ ಗೊತ್ತಾಯಿತು. ಮೊದಲ ಪ್ರಚಾರದಲ್ಲೇ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ರೊಟ್ಟಿ ತಿಂದು, ತಮಗೆ ಬರುತ್ತಿದ್ದ ಒಂದೇ ಕನ್ನಡದ ಮಾತನ್ನು ಎರಡು ಮೂರು ಸಲ ಆಡಿದರು: "ಹ್ಯಾಂಗದೀರಿ?" ಅಪ್ಪ ಅಷ್ಟಕ್ಕೇ ಮರುಳಾದ. ಎರಡು ಚುನಾವಣೆಗಳಲ್ಲಿ ಕೆಲಸ ಬಿಟ್ಟು ಅವರಿಗಾಗಿ ಮನೆಮನೆ ತಿರುಗಿದ.

ಆಮೇಲೆ ಕ್ಷೇತ್ರಗಳ ಮರುವಿಂಗಡಣೆಯಾಯಿತು. ನಮ್ಮದನ್ನು ರದ್ದು ಮಾಡಿ ಅಕ್ಕಪಕ್ಕದವಕ್ಕೆ ಹಂಚಿದರು. ನಮ್ಮ ಗಲ್ಲಿ ಒಂದಕ್ಕೆ ಸೇರಿತು. ಸಾಹೇಬರಿಗೆ ಟಿಕೆಟ್ ಸಿಕ್ಕಿದ್ದು ಅಂಧೇರಿ ಕಡೆಯ ಇನ್ನೊಂದರಲ್ಲಿ. ಆದರೂ ಅಪ್ಪ ಪ್ರಚಾರಕ್ಕೆ ಹೊರಟ.

"ನಮ್ಮ ಓಟ ಅವರಿಗೆ ಬೀಳೂದಿಲ್ಲ. ನೀವ್ಯಾಕ ಹೊಂಟೀರಿ?" ಎಂದಳು ಅವ್ವ.

"ಓಟ ಹೋತಂದ್ರ ಸಂಬಂಧ ಹರೀತೈತೇನು?"

ನನಗಾಗ ಹದಿನೈದು ವರ್ಷ. ಒಂದು ಭಾನುವಾರ ಸಂಜೆ ಅಪ್ಪ ಸಾಹೇಬರ ಸಭೆಗೆ ನನ್ನನ್ನೂ ಕರೆದೊಯ್ದ. ವೇದಿಕೆಯ ಕೆಳಗೆ ಬಾವುಟ ಹಿಡಿದವರ ಸಾಲಿನಲ್ಲಿ ಅವನನ್ನು ನಿಲ್ಲಿಸಿದ್ದರು. ಹೊಸ ಮತದಾರರು ಬಿಲ್ಡಿಂಗುಗಳಲ್ಲಿ ಇರುವವರು. ಸಾಹೇಬರು ಮರಾಠಿಯಲ್ಲಿ ಮಾತಾಡಿದರು. ಹಳೆಯ ಕ್ಷೇತ್ರದಲ್ಲಿ ತಮ್ಮಿಂದ ಏನೂ ಮಾಡಲಾಗಲಿಲ್ಲವಂತೆ. ಅಲ್ಲಿ ಕರ್ನಾಟಕದಿಂದ ಲಾರಿಗಟ್ಟಲೆ ಬಂದು ಕೊಳಚೆ ನಾಲೆಯ ಮೇಲೆ ಕೂತ ಜನ. ಆ ಕ್ಷೇತ್ರ ಹೋದದ್ದು ತಲೆಯಿಂದ ಹೇನು ಹೋದ ಹಾಗೆ ಎಂದರು.

ಜನ ನಕ್ಕು ಚಪ್ಪಾಳೆ ತಟ್ಟಿದರು. ಅಪ್ಪನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವನು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದ.

ಸಾಹೇಬರು ಕೆಳಗಿಳಿದು ಬರುವಾಗ ಅವನನ್ನು ಕಂಡರು. ಮುಖದಲ್ಲಿ ಅಳುಕಿನ ನೆರಳೂ ಇರಲಿಲ್ಲ. ಭುಜ ತಟ್ಟಿ, "ಹ್ಯಾಂಗದೀರಿ?" ಎಂದರು.

"ಆರಾಮ ಅದೀನ್ರಿ, ಸಾಹೇಬ್ರ," ಅಪ್ಪ ಕೈ ಮುಗಿದ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ನಮಗ ಹೇನು ಅಂದ್ರು. ನೀ ಯಾಕ ಚಪ್ಪಾಳಿ ಹೊಡದಿ?"

"ಎಲ್ಲಾರೂ ಹೊಡದ್ರು."

"ಹಂಗಾರ ಅವರು ಅಂದದ್ದು ಖರೇ ಐತಿ. ನಿನ್ನ ನೋಡಿದ್ರ ಹಂಗ ಅನಸ್ತೈತಿ."

ಅವನು ನೋಯಲಿ ಎಂದೇ ಹೇಳಿದ್ದೆ. ಅವನು ಕಿಟಕಿಯ ಕಡೆ ತಿರುಗಿದ.

ಸಾಹೇಬರು ಸೋತರು, ಆದರೆ ವರ್ಷದೊಳಗೆ ಪಕ್ಷ ಬದಲಿಸಿ ಯಾವುದೋ ಮಂಡಳಿಯ ಅಧ್ಯಕ್ಷರಾದರು. ನಾಲೆ ಅಗಲ ಮಾಡಲು ಮನೆಗಳನ್ನು ಕೆಡವುತ್ತೇವೆಂದು ನಮ್ಮ ಗಲ್ಲಿಗೆ ನೋಟಿಸು ಬಂತು. ಅಪ್ಪ ಎದುರು ಪಕ್ಷದಿಂದ ಗೆದ್ದಿದ್ದ ನಮ್ಮ ಹೊಸ ಶಾಸಕರ ಆಫೀಸಿಗೆ ಹೋದ. ಅಲ್ಲಿನ ಹುಡುಗರು ಮೊಬೈಲಿನಲ್ಲಿ ಸಾಹೇಬರ ಆ ಸಭೆಯ ಫೋಟೋ ಹುಡುಕಿ, ಬಾವುಟ ಹಿಡಿದ ಅವನ ಮೇಲೆ ಬೆರಳಿಟ್ಟು ತೋರಿಸಿದರು. ಅದೇ ಬಾವುಟ ಹಿಡಿದು ಬುಲ್ಡೋಜರಿನ ಮುಂದೆ ನಿಲ್ಲು ಎಂದು ನಕ್ಕರು.

ತಾನೇ ಕಟ್ಟಿದ ಗೋಡೆಗಳು ಬೀಳುವಾಗ ಅಪ್ಪ ಪಾತ್ರೆಗಳ ಪಕ್ಕದಲ್ಲಿ ನಿಂತಿದ್ದ. ಸಾಹೇಬರಿಗೆ ಫೋನು ಮಾಡೆಂದು ಅವ್ವ ಗೋಗರೆದರೂ ಮಾಡಲಿಲ್ಲ.

ಆಮೇಲೆ ಬಾಡಿಗೆ ಖೋಲಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಬದುಕಿದ. ಪ್ರತಿ ಚುನಾವಣೆಯಂದು ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿ, ಬೆರಳಿಗೆ ಶಾಯಿಯಿಲ್ಲದೆ ಮರಳುತ್ತಿದ್ದ. ಅವ್ವ ಕೇಳಿದರೆ, "ಸಾಲು ಭಾಳ ಉದ್ದ ಇತ್ತು," ಎನ್ನುತ್ತಿದ್ದ. ನನ್ನನ್ನು ಮಾತ್ರ ನೋಡುತ್ತಿರಲಿಲ್ಲ.