ತೂಕದ ಮನೆಯಲ್ಲಿ ಚುಕ್ಕಿ

ಮದ್ದೂರು ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ತೂಕ ನಿಂತುಹೋಗಿದೆ ಅಂತ ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನು ಅಲ್ಲಿಗೆ ಓಡಿಸಿದ್ದರು. ಆಗಿದ್ದಿಷ್ಟೇ. ಎಲ್ಲರ ಲಾಗಿನ್ನೂ ಇರುವ ಡೈರೆಕ್ಟರಿಯ ಪಾಸ್‌ವರ್ಡನ್ನು ಹೆಡ್ಡಾಫೀಸಿನವರು ಬದಲಾಯಿಸಿದ್ದರು, ಇಲ್ಲಿನ ಸರ್ವರಿಗೆ ಹೊಸದನ್ನು ಹಾಕಲು ಮರೆತಿದ್ದರು. ಸರ್ವರ್ ಪಾಪ ಹಳೆಯದನ್ನೇ ಹೇಳುತ್ತಿತ್ತು, ಡೈರೆಕ್ಟರಿ ಒಳಗೆ ಬಿಡುತ್ತಿರಲಿಲ್ಲ. ಲಾಗಿನ್ ಆಗದೆ ತೂಕದ ಗುಮಾಸ್ತ ಕೈಕಟ್ಟಿ ಕೂತಿದ್ದ. ಹೊರಗೆ ಟ್ರಾಕ್ಟರುಗಳ ಸಾಲು, ಬಿಸಿಲಿಗೆ ಒಣಗುತ್ತಿರುವ ಕಬ್ಬು.

ಮಾರುದ್ದದ ಹೊಸ ಪಾಸ್‌ವರ್ಡನ್ನು ಎರಡು ಸಲ ಹೊಡೆದೆ, ಎರಡು ಸಲವೂ ತಪ್ಪಾಯಿತು. ಇನ್ನೊಂದು ಸಲ ತಪ್ಪಿದರೆ ಖಾತೆಯೇ ಲಾಕ್, ಆಮೇಲೆ ಇಡೀ ದಿನ ತೂಕವಿಲ್ಲ. ಅಷ್ಟರಲ್ಲಿ ಪೂರಿಗಾಲಿಯಿಂದ ಕಬ್ಬು ತಂದಿದ್ದ ಹೆಂಗಸೊಬ್ಬರು ಕಿಟಕಿಯಲ್ಲಿ ಇಣುಕಿದರು.

"ಆಗ್ಲಿಂದ ಬರೀ ಚುಕ್ಕಿ ಇಕ್ತಾ ಕುಂತಿದ್ದೀಯಲ್ಲಪ್ಪ?"

"ಪಾಸ್‌ವರ್ಡ್ ಕಣಮ್ಮ. ಯಾರಿಗೂ ಗೊತ್ತಾಗ್ಬಾರ್ದು ಅಂತ ಚುಕ್ಕಿ ಬರ್ತದೆ."

"ನಿಂಗೂ ಕಾಣಾಕಿಲ್ವಾ?"

"ಇಲ್ಲ."

"ಚೆನ್ನಾಗದೆ ಬುಡು! ಬಿರ್ನೆ ಇಕ್ಕು, ಇಲ್ದಿದ್ರೆ ಗಾಡಿ ಆಲೆಮನೆಗೆ ಒಡ್ಕೊಂಡು ಓಯ್ತೀನಿ. ಅಲ್ಲಿ ಚುಕ್ಕಿಪಿಕ್ಕಿ ಯಾರೂ ಕೇಳಾಕಿಲ್ಲ."

ನನಗೆ ನಗು ಬಂತು. ನಕ್ಕಿದ್ದಕ್ಕೋ ಏನೋ, ಗಡಿಬಿಡಿ ಹೋಯಿತು. ಒಂದೊಂದೇ ಅಕ್ಷರ ನೋಡಿಕೊಂಡು ಒತ್ತಿದೆ. "ಬಂತು ಸಾರ್!" ಅಂತ ಗುಮಾಸ್ತ ಕೂಗಿದ. ಆಕೆಯ ಟ್ರಾಕ್ಟರು ಗುಡುಗುಟ್ಟುತ್ತಾ ತೂಕಕ್ಕೆ ಹತ್ತಿತು.

ನನ್ನ ಕೆಲಸ ಏನು ಅಂತ ಅವ್ವನಿಗೆ ತಿಳಿಯುವ ಹಾಗೆ ಹೇಳಲು ಎಂದೂ ಆಗಿರಲಿಲ್ಲ. ಈಗ ಕೇಳಿದರೆ ಚುಕ್ಕಿ ಇಡೋ ಕೆಲಸ ಅಂತೀನಿ. ಅವಳಿಗೆ ಸಮಾಧಾನವೇ. ರಂಗೋಲಿ ಎಲ್ಲಿ ಅಂತ ಮಾತ್ರ ಈಗಲೂ ಕೇಳುತ್ತಾಳೆ.